ಅಜವಾನದ ನೀರು

ಸುವರ್ಣಾ, ಅಂದು ನೀನು ಕಂಡ ಆ ಗ್ಲಾಸಿನಲ್ಲಿ ಇದ್ದದ್ದು ಅಜವಾನದ ನೀರು. ಅದನ್ನು ತುಂಬಿ ನಿಮ್ಮಪ್ಪನ ಕೈಗೆ ಕೊಟ್ಟವನು ನಾನು. ಮರುದಿನ ಬೆಳಿಗ್ಗೆ ನೀನು ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಅಳುತ್ತ ಕೇಳಿದಾಗ, ‘ಬ್ಯಾಡ ಅಂತ ಹೇಳೀನವ್ವ, ಕೇಳಲಿಲ್ಲ’ ಎಂದವನೂ ನಾನೇ.

ಇಷ್ಟು ಬರೆಯಲು ನನಗೆ ಹದಿನೈದು ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ — ಮೂರೇ ವಾಕ್ಯ.

ಹೋದ ವಾರ ನೀನು ಚಿಂಚೋಳಿಯಿಂದ ಫೋನು ಮಾಡಿದ್ದೆ. ‘ದೊಡ್ಡಪ್ಪಾ, ಅಪ್ಪನ ವರ್ಷದ ಕಾರ್ಯಕ್ಕ ನೀವ ಮೇಳ ಕರಕೊಂಡು ಬರಬೇಕ್ರಿ. ತಬಲಾಕ್ಕ ನಿಮ್ಮನ್ನ ಬಿಟ್ಟು ಬ್ಯಾರೆ ಯಾರೂ ಕುಂದ್ರಬಾರದು’ ಎಂದು ಕೇಳಿಕೊಂಡಿದ್ದೆ. ನಾನು ಹೂಂಗುಟ್ಟಿದೆ. ಫೋನು ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದೆಯಲ್ಲ — ‘ನಿಮ್ಮ ಮಾತು ಕೇಳಿದ್ರ ಅಪ್ಪ ಹಾಳಾಗ್ತಿದ್ದಿಲ್ಲ ನೋಡ್ರಿ’ ಎಂದು. ಆ ಮಾತಿಗೂ ನಾನು ಹೂಂ ಎಂದೆ, ಸುವರ್ಣಾ. ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಫೋನು ಕೆಳಗಿಟ್ಟ ಮೇಲೆ, ಸತ್ತವನ ಮೇಲೆ ಇನ್ನೂ ಎಷ್ಟು ದಿನ ಹೊರಿಸಲಿ ಎನ್ನಿಸಿತು.

ಈ ಕಾಗದ ನಿನಗೊಬ್ಬಳಿಗೇ ಅಲ್ಲ. ಬರುವ ಸೋಮವಾರ ಭಜನಾ ಮೇಳದ ಮುಂದೆಯೂ ಇದನ್ನೇ ಓದುವವನಿದ್ದೇನೆ. ಈಗ ಮೇಳದಲ್ಲಿ ಇರುವವರಲ್ಲಿ ಅರ್ಧ ಜನ ನಿಮ್ಮಪ್ಪ ಹಣಮಂತನ ಹಾಡನ್ನು ಕೇಳಿದವರಲ್ಲ. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆದಿದ್ದೇನೆ. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಚಂದ ಮಾಡಿ ಬರೆಯಲು ಬರುವುದಿಲ್ಲ. ಈ ವಿಷಯವನ್ನು ಚಂದ ಮಾಡಲೂಬಾರದು.

ಮಳಖೇಡದಲ್ಲಿ ನಿಮ್ಮ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಒಂದು ಬೇವಿನ ಗಿಡ ಮಾತ್ರ. ನಿಮ್ಮದು ಕಾಗಿಣಾ ದಂಡೆಯ ಮನೆತನ. ನಿಮ್ಮ ಮುತ್ತಜ್ಜ ಹರಗೋಲು ಹಾಕಿ ಮಂದಿಯನ್ನು ಹೊಳೆ ದಾಟಿಸುತ್ತಿದ್ದನಂತೆ. ನಿಮ್ಮಪ್ಪ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆಯ ಕೂಲಿ, ನಾನು ಅಲ್ಲೇ ಪ್ಯಾಕಿಂಗಿನಲ್ಲಿ ಕಾಯಂ ಆದವನು. ಅವನು ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಬೆಳಗಿನ ಪಾಳಿ ಮುಗಿಸಿ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಬರುತ್ತಿದ್ದೆವು. ನಾನು ತುಳಿಯುವುದು, ಅವನು ಹಿಂದೆ ಕುಳಿತು ಹಾಡುವುದು. ಅಣ್ಣಾ ಎನ್ನುತ್ತಿದ್ದ. ಹಾಗೆಂದೇ ನಾನು ನಿನಗೆ ದೊಡ್ಡಪ್ಪನಾದದ್ದು, ರಕ್ತದಿಂದಲ್ಲ. ನಿನ್ನ ತಾಯಿ ಹೋದಾಗ ನೀನಿನ್ನೂ ಅಂಬೆಗಾಲಿಡುತ್ತಿದ್ದೆ. ನಿನ್ನನ್ನು ಬೆಳೆಸಿದವಳು ನಿನ್ನ ಆಯಿ, ನಿಮ್ಮಪ್ಪನ ತಾಯಿ ಭೀಮವ್ವ. ಅವಳ ಪಾಲಿಗೆ ನಾನೂ ಒಬ್ಬ ಮಗ. ನನಗೆ ಮೊಮ್ಮಗ ಹುಟ್ಟಿದ ಮೇಲೂ ಅವಳ ಬಾಯಲ್ಲಿ ನಾನು ಶರಣಪ್ಪನಾಗಲಿಲ್ಲ, ಶರಣ್ಯಾ ಆಗಿಯೇ ಉಳಿದೆ.

ಸೋಮವಾರ ಸಂಜೆ ಮಠದಲ್ಲಿ ಭಜನೆ. ನಿಮ್ಮಪ್ಪನದು ಹಾಡು, ನನ್ನದು ತಬಲಾ. ಮೇಳದ ಹಿರಿಯರು ಗುರುಪಾದಪ್ಪ ತಾತ; ನನ್ನ ಎರಡೂ ಕೈಗೆ ತಬಲಾ ಕಲಿಸಿದವರು ಅವರೇ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮೇಳ ಹೋಗಿ ಹೆಣದ ಮುಂದೆ ಕುಳಿತು ಹಾಡಬೇಕು. ಹಾಡಿಲ್ಲದೆ ಹೆಣ ಎತ್ತುವುದೆಂದರೆ, ದಿಕ್ಕಿಲ್ಲದವರನ್ನು ಎತ್ತಿದ ಹಾಗೆ. ಭೀಮವ್ವ ಅದನ್ನೇ ನನಗೆ ಮತ್ತೆ ಮತ್ತೆ ಹೇಳುತ್ತಿದ್ದಳು.

‘ಶರಣ್ಯಾ, ನಾ ಸತ್ತಾಗ ನಿನ್ನ ತಬಲಾ ಬೇಕ ನೋಡು. ಅದು ಕೇಳ್ಲಿಲ್ಲಂದ್ರ ನಾ ಏಳಂಗಿಲ್ಲ. ಹೊರೋರಿಗಿ ಭಾರ ಆಗ್ತೀನಿ.’

‘ಯಾವತ್ತ ಸಾಯ್ತಿ, ಮೊದಲ ಹೇಳಬೇ ಅವ್ವಾ. ರಜಾ ಹಾಕಬೇಕಲ್ಲ.’

‘ನಿನ್ನ ಫ್ಯಾಕ್ಟರಿ ಸೂಟಿ ಇದ್ದ ದಿನಾನ ಸಾಯ್ತೀನಿ ತಗೋ, ಹಲ್ಕಟ್.’

ಹೀಗೆ ನಗುತ್ತ ಕೊಟ್ಟ ಮಾತು. ನಗುತ್ತ ಕೊಟ್ಟರೂ ಮಾತು ಮಾತೇ.

ಸೇಡಂನಲ್ಲಿ ಕಾಲೇಜು ರಸ್ತೆಗೆ ಆ ಬಾರು ಬಂದದ್ದು ನೀನು ಡಿಗ್ರಿಗೆ ಸೇರಿದ ವರ್ಷವೇ. ಕೆಳಗೆ ಬಾರು, ಮೇಲೆ ಫ್ಯಾಮಿಲಿ ಹೊಟೇಲು. ಮಾಲೀಕ ಹೈದರಾಬಾದಿನಲ್ಲಿ ನೋಡಿಬಂದು, ತನ್ನಲ್ಲಿಯೂ ಸಂಜೆ ಹಾಡು, ವಾದ್ಯ ಇರಬೇಕೆಂದು ಕೆಳಗಿನ ಹಾಲಿನಲ್ಲಿ ಮೊಳ ಎತ್ತರದ ವೇದಿಕೆ ಕಟ್ಟಿಸಿದ. ಜನ ಅದರ ಬೋರ್ಡಿನ ಹೆಸರು ಬಿಟ್ಟು ‘ಹಾಡಿನ ಬಾರು’ ಎಂದೇ ಕರೆದರು. ಕೀಬೋರ್ಡಿನವನು ಸಿಕ್ಕಿದ್ದ. ಹಾಡುವವರು, ತಬಲಾದವರು ಯಾರಾದರೂ ಇದ್ದಾರೆಯೇ ಎಂದು ಫ್ಯಾಕ್ಟರಿಯ ಗೇಟಿನವರೆಗೂ ಸುದ್ದಿ ಬಂತು.

ಆಸೆಯಾದದ್ದು ನನಗೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು — ನಿಮ್ಮಪ್ಪನಿಗಲ್ಲ, ನನಗೆ. ಮೂವತ್ತು ವರ್ಷ ಭಜನೆಗೆ ಅದೇ ನಡೆ ಬಾರಿಸಿದ ಕೈ ಇದು. ರೇಡಿಯೋದಲ್ಲಿ ಗಜಲು ಬಂದರೆ, ಸಿನೆಮಾ ಹಾಡು ಬಂದರೆ ತೊಡೆಯ ಮೇಲೆ ಬಾರಿಸಿಕೊಳ್ಳುತ್ತಿದ್ದೆ. ಒಮ್ಮೆಯಾದರೂ ಮೈಕು ಇಟ್ಟು, ಜನರ ಮುಂದೆ — ಆದರೆ ಹಾಡುಗಾರ ಇಲ್ಲದೆ ತಬಲಾದವನನ್ನು ಯಾರು ಕರೆಯುತ್ತಾರೆ? ಅವನು ಒಲ್ಲೆ ಎಂದ. ಒಂದು ವಾರ ಬೆನ್ನು ಬಿಡಲಿಲ್ಲ ನಾನು.

‘ಕುಡದು ಕುಂತೋರ ಮುಂದ ಹ್ಯಾಂಗ ಹಾಡ್ಲಿ ಅಣ್ಣಾ?’

‘ಯಾಕ, ಕುಡದೋರಿಗಿ ಕಿವಿ ಇರಂಗಿಲ್ಲೇನು?’

‘ಕಿವಿ ಇರ್ತಾವ. ತಲಿ ಇರಂಗಿಲ್ಲ.’

‘ಮೇಳಕ್ಕ ಬಂದು ಕುಂದ್ರೋರಿಗಿ ಭಾಳ ತಲಿ ಅದೇನು? ಅರ್ಧ ಮಂದಿ ಪ್ರಸಾದಕ್ಕ ಬರ್ತಾರ.’

ನಕ್ಕುಬಿಟ್ಟ. ಅವನು ನಕ್ಕನೆಂದರೆ ಒಪ್ಪಿದ ಹಾಗೆ. ಆದರೆ ಒಂದು ಕಟ್ಟು ಹಾಕಿದ. ಮಠದಲ್ಲಿ ಹಾಡುವ ತತ್ವಪದವನ್ನು ಅಲ್ಲಿ ಹಾಡುವುದಿಲ್ಲ, ಯಾರು ಕೇಳಿದರೂ ಹಾಡುವುದಿಲ್ಲ. ತಾಯಿಗೆ ಮಾತ್ರ ಬಾರು ಎನ್ನದೆ ಹೊಟೇಲು ಎಂದು ಹೇಳಿದ. ಅವನಿಗೆ ಹಾಗೆ ಹೇಳಿಕೊಟ್ಟವನೂ ನಾನೇ.

ಭೀಮವ್ವ ದಿನಾ ಅಜವಾನದ ಕಾಳು ಹಾಕಿ ನೀರು ಕುದಿಸಿ, ಬೂಚಿನ ಮುಚ್ಚಳದ ಒಂದು ಹಳೆಯ ಹಸಿರು ಥರ್ಮಾಸಿಗೆ ತುಂಬಿ ನನ್ನ ಕೈಗೆ ಕೊಡುತ್ತಿದ್ದಳು. ‘ಹಣಮ್ಯಾ ಮರೀತಾನ. ನೀ ಒಯ್ಯಿ. ಒಂದೊಂದ ಹಾಡಿಗಿ ಒಂದೊಂದ ಗುಟುಕು ಕುಡಸು, ಗಂಟಲ ಹಿಡೀಬಾರದು.’ ನೀನು ಸಂಜೆ ಕಾಲೇಜಿನ ಬಸ್ಸಿನಿಂದ ಇಳಿದು ಬರುವ ಹೊತ್ತಿಗೆ ನಾವು ಹೊರಟುಬಿಟ್ಟಿರುತ್ತಿದ್ದೆವು. ಆ ಥರ್ಮಾಸು ಎಲ್ಲಿಗೆ ಹೋಗುತ್ತದೆ ಎಂಬುದು ನಿನಗೆ ಗೊತ್ತಿರಲಿಲ್ಲ.

ವೇದಿಕೆಯ ಒಂದು ಬದಿಗೆ ಆಳೆತ್ತರದ ಗಾಜಿನ ಮೀನುತೊಟ್ಟಿ ಇತ್ತು. ನಾನು ಅದರ ಹಿಂದೆ ಕೂಡುತ್ತೇನೆಂದು ಮಾಲೀಕನನ್ನು ಕೇಳಿಕೊಂಡೆ. ಫ್ಯಾಕ್ಟರಿಯವರು ಬರುತ್ತಾರೆ, ಊರಿನವರು ಬರುತ್ತಾರೆ. ಮೇಳದಲ್ಲಿ ಕೂಡುವವನು, ಮೊಮ್ಮಕ್ಕಳ ತಾತ — ನನ್ನ ಮುಖ ಕಾಣಬಾರದು. ಹಾಡುವವನಿಗೆ ಆ ಅನುಕೂಲ ಇರಲಿಲ್ಲ. ನಿಮ್ಮಪ್ಪನ ಮುಖ ಎಲ್ಲರಿಗೂ ಕಂಡಿತು. ನನ್ನ ಕೈ ಎಲ್ಲರಿಗೂ ಕೇಳಿಸಿತು, ಯಾರಿಗೂ ಕಾಣಲಿಲ್ಲ. ‘ಏನಣ್ಣಾ, ಮೀನಿನ ಸಂಗಾಟ ಸಂಸಾರ ಹೂಡೀಯಲ್ಲ’ ಎಂದು ನಗುತ್ತಿದ್ದ. ಒಮ್ಮೆಯೂ ‘ಮುಂದ ಬಾ’ ಎನ್ನಲಿಲ್ಲ.

ಬಾರಿನಲ್ಲಿ ಸ್ಟೀಲ್ ಲೋಟ ಇರಲಿಲ್ಲ. ಅಲ್ಲಿ ಇದ್ದದ್ದು ಅಲ್ಲಿಯವೇ ಗ್ಲಾಸುಗಳು. ತೊಟ್ಟಿಯ ಹಿಂದೆ ಥರ್ಮಾಸಿನಿಂದ ಗ್ಲಾಸಿಗೆ ಸುರಿದು, ಪಕ್ಕದಿಂದ ಕೈಚಾಚಿ ಕೊಡುತ್ತಿದ್ದೆ. ಅಜವಾನದ ನೀರಿನ ಬಣ್ಣ ನಿನಗೆ ಗೊತ್ತು. ನಸು ಹಳದಿ. ವೇದಿಕೆಯ ದೀಪದ ಕೆಳಗೆ ಇನ್ನೂ ಗಾಢವಾಗಿ ಕಾಣುತ್ತಿತ್ತು. ನೋಡಿದವರಿಗೆ ಅದು ವಿಸ್ಕಿಯ ಹಾಗೆ ಕಾಣುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅವನು ಬೀಡಿ ಸಹ ಸೇದದವನು, ಸುವರ್ಣಾ.

ಒಂದು ಮಾತು ಮುಚ್ಚಿಡಲಾರೆ — ಆ ತಿಂಗಳುಗಳಲ್ಲಿ ನಾನು ಸುಖವಾಗಿದ್ದೆ. ಸೋಮವಾರ ಬಿಟ್ಟು ದಿನಾ ಸಂಜೆ ಆರಕ್ಕೆ ಹಾಡು ಶುರು. ಮೇಲಿನ ಫ್ಯಾಮಿಲಿ ಹೊಟೇಲಿಗೆ ಬಂದ ಕಾಲೇಜಿನ ಹುಡುಗರು ಚಹಾ ಹಿಡಿದು ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದರು. ನಿಮ್ಮಪ್ಪ ಕಣ್ಣು ಮುಚ್ಚಿ ಹಾಡುತ್ತಿದ್ದ. ಹೊಳೆಯ ದಂಡೆಯವರ ಗಂಟಲು. ಆಚೆ ದಡಕ್ಕೆ ಕೂಗಿ ಕರೆದು ಬೆಳೆದದ್ದು. ವೇಟರ್ ಒಬ್ಬ ನನ್ನ ಹತ್ತಿರ ಬಂದು ಗೊಣಗುತ್ತಿದ್ದ: ‘ನಿಮ್ಮ ಗೆಳ್ಯಾಗ ಸ್ವಲ್ಪ ಕೆಟ್ಟದಾಗಿ ಹಾಡಂತ ಹೇಳ್ರಿ ಕಾಕಾ. ಹಾಡು ಮುಗಿಯೋತನ ಒಬ್ಬನೂ ಆರ್ಡರ್ ಕೊಡವಲ್ಲ. ಮಾಲಕ ನನಗ ಬಯ್ಯಾಕತ್ತಾನ.’

ನೀನು ಬಂದ ಆ ಸಂಜೆ.

ನಿನ್ನ ಯಾವಳೋ ಗೆಳತಿಯ ಹುಟ್ಟುಹಬ್ಬ. ಮೇಲಕ್ಕೆ ಹೋಗಿದ್ದಿರಿ, ಇಳಿಯುತ್ತಿದ್ದಿರಿ. ಹಾಲಿನ ಗಾಜಿನ ಬಾಗಿಲ ಮುಂದೆ ನೀನು ನಿಂತುಬಿಟ್ಟೆ. ಹಾಡು ನಿಂತು ಕೀಬೋರ್ಡು, ತಬಲಾ ಎರಡೇ ನಡೆದಿದ್ದ ಹೊತ್ತು ಅದು. ನಿಮ್ಮಪ್ಪ ಕಣ್ಣು ಮುಚ್ಚಿಕೊಂಡೇ ಗ್ಲಾಸು ಎತ್ತಿ ಕುಡಿದ. ನಿನ್ನ ಹಿಂದೆ ಇದ್ದ ಹುಡುಗಿ ಏನೋ ಹೇಳಿ ಬಾಯಿಗೆ ಕೈ ಹಿಡಿದಳು. ಅವನು ನಿನ್ನನ್ನು ನೋಡಲಿಲ್ಲ.

ನಾನು ನೋಡಿದೆ.

ಇದು ನಿನಗೆ ಗೊತ್ತಿಲ್ಲದ ಸಂಗತಿ. ತೊಟ್ಟಿಯ ನೀರಿನಾಚೆ ನಿನ್ನ ಮುಖ ಕಂಡಿತು. ಮೀನು ಅಡ್ಡ ಹಾಯ್ದವು, ಮತ್ತೆ ಕಂಡಿತು. ಎದ್ದು ಬಂದಿದ್ದರೆ, ಥರ್ಮಾಸು ಎತ್ತಿ ತೋರಿಸಿ ‘ಬಾರವ್ವ, ನಿಮ್ಮ ಆಯಿ ಕೊಟ್ಟ ನೀರು, ನೀನೂ ಒಂದ ಗುಟುಕು ಕುಡಿ’ ಎಂದಿದ್ದರೆ — ಅಷ್ಟೇ ಸಾಕಿತ್ತು. ಹತ್ತು ಹೆಜ್ಜೆ. ಆದರೆ ಎದ್ದರೆ ನಾನು ಕಾಣುತ್ತಿದ್ದೆ. ತಾಳ ತಪ್ಪಿಸದೆ ಬಾರಿಸುತ್ತ ಕುಳಿತೆ. ನೀನು ಹೋದೆ.

ಮರುದಿನ ಬೆಳಿಗ್ಗೆ ನನಗೆ ವಾರದ ರಜೆ. ಬಸ್ಸಿಗೆ ಹೋಗುವವಳು ನನ್ನ ಕಟ್ಟೆಗೆ ಬಂದೆ, ಪುಸ್ತಕ ಎದೆಗೆ ಅವಚಿಕೊಂಡು.

‘ದೊಡ್ಡಪ್ಪಾ, ಅಪ್ಪ ಬಾರಿನ್ಯಾಗ ಹಾಡ್ತಾನ. ಕುಡೀತಾನ. ನನ್ನ ಕಣ್ಣಿಲೆ ನೋಡೀನ್ರಿ. ನಿಮಗ ಗೊತ್ತಿತ್ತೇನು?’

ಕಟ್ಟೆಯ ಧೂಳು ಒರೆಸಿ ನಿನ್ನನ್ನು ಕೂಡಿಸಿದೆ.

‘ಆಯಿಗಿ ಹೇಳಬ್ಯಾಡ್ರಿ, ಎದಿ ಒಡಕೋತಾಳ. ಅಪ್ಪಗ ನೀವರ ಬ್ಯಾಡ ಅನಲಿಲ್ಲೇನ್ರಿ? ನಿಮ್ಮ ಮಾತರ ಕೇಳ್ತಾನ.’

‘ಬ್ಯಾಡ ಅಂತ ಹೇಳೀನವ್ವ,’ ಎಂದೆ. ‘ಕೇಳಲಿಲ್ಲ.’

ಎಷ್ಟು ಹಗುರವಾಗಿ ಬಂತು! ಯಾಕೆ ಹಾಗೆ ಹೇಳಿದೆ ಎಂದು ಬಹಳ ಹುಡುಕಿದ್ದೇನೆ. ಹೆದರಿಕೆ ಎನ್ನಬಹುದು. ಆದರೆ ನಿಜ ಇನ್ನೂ ಸಣ್ಣದು. ನೀನು ನನ್ನನ್ನು ಒಳ್ಳೆಯವನೆಂದು ನಂಬಿ ಬಂದಿದ್ದೆ. ನನಗೆ ಆ ಒಳ್ಳೆಯವನು ಆಗಿರುವುದು ಬೇಕಾಗಿತ್ತು. ನಿನ್ನ ಕಣ್ಣಿನಲ್ಲಿ ಒಬ್ಬನಿಗೇ ಜಾಗ ಇತ್ತು. ಅವನನ್ನು ಇಳಿಸಿ ನಾನು ಕುಳಿತೆ.

ಅಂದಿನಿಂದ ನೀನು ನಿಮ್ಮಪ್ಪನ ಜೊತೆ ಮಾತು ಬಿಟ್ಟೆ. ಅವನಿಗೆ ಕಾರಣ ಗೊತ್ತಾಗಲಿಲ್ಲ. ‘ಮಗಳಿಗಿ ಏನಾಗ್ಯಾದೋ ಅಣ್ಣಾ, ನಾ ಬಂದ್ರ ಎದ್ದು ಒಳಗ ಹೋಗ್ತಾಳ’ ಎಂದು ನನ್ನನ್ನೇ ಕೇಳುತ್ತಿದ್ದ. ‘ಕಾಲೇಜಿಗಿ ಹೋಗೋ ಹುಡುಗಿ, ಹಂಗ ಇರ್ತಾವ ತಗೋ’ ಎಂದೆ.

ಒಂದೆರಡು ತಿಂಗಳು ಕಳೆದಿರಬೇಕು. ಶಹಾಬಾದ ಕಡೆಯ ಒಬ್ಬ ಮುದುಕ, ಕಲ್ಲುಗಣಿಯಲ್ಲಿ ದುಡಿದವನು, ಬಾರಿಗೆ ಬಂದು ಒಬ್ಬನೇ ಒಂದು ಟೇಬಲ್ಲಿಗೆ ಕುಳಿತ. ಹೆಂಡತಿಯನ್ನು ಮಣ್ಣು ಮಾಡಿ ಮೂರು ದಿನ ಆಗಿತ್ತಂತೆ. ಅವಳಿಗೆ ಪ್ರೀತಿಯಾಗಿದ್ದ ಒಂದು ತತ್ವಪದ ಹಾಡು ಎಂದು ಕೈಮುಗಿದ. ನಿಮ್ಮಪ್ಪ ನನ್ನ ಕಡೆ ನೋಡಿದ. ನಾನು ತಲೆ ಅಲ್ಲಾಡಿಸಿದೆ, ಬೇಡ ಎಂದು. ಅವನು ಚಪ್ಪಲಿ ಬಿಟ್ಟು, ಮೇಜಿನ ಮೇಲಿನ ಬಾಟಲಿ ತೆಗೆಸಿ, ಹಾಡಿದ. ತನ್ನ ಕಟ್ಟು ತಾನೇ ಮುರಿದದ್ದು ಅದೊಂದೇ ಸಲ. ಯಾರೋ ಕಾಲೇಜು ಹುಡುಗ ಅದನ್ನು ಮೊಬೈಲಿನಲ್ಲಿ ಹಿಡಿದ. ಎಂಟು ದಿನದಲ್ಲಿ ಅದು ಫೋನಿನಿಂದ ಫೋನಿಗೆ ದಾಟಿ ನಮ್ಮ ಮಠಕ್ಕೂ ಬಂತು.

ಸೋಮವಾರ ಮೇಳ ಕೂಡಿತ್ತು. ಗುರುಪಾದಪ್ಪ ತಾತ ಆ ಫೋನನ್ನು ನಡುವೆ ಇಡಿಸಿದರು. ಪೂರ್ತಿ ಕೇಳಿದರು. ‘ಮಠದ ಪದ ಬಾಟ್ಲಿ ನಡುವ ಹಾಡೀಯಲ್ಲೋ ಹಣಮಂತಾ’ ಎಂದರು. ಅವನು ‘ತಪ್ಪಾತ್ರಿ ತಾತಾ’ ಎಂದ. ಮುದುಕನ ಕಥೆ ಹೇಳಿಕೊಳ್ಳಲಿಲ್ಲ. ಆಮೇಲೆ ತಾತ ಕೇಳಿದರು, ‘ಈ ತಬಲಾ ಯಾರದು?’

 ನಾನು ಮೇಳದ ತಬಲಾಕ್ಕೆ ಬಟ್ಟೆ ಮುಚ್ಚಿದೆ.

‘ತಾಂಡೂರ ಕಡಿಯಾಂವ ಒಬ್ಬ ಬರ್ತಾನ್ರಿ,’ ಎಂದ ನಿಮ್ಮಪ್ಪ.

ತಾತ ನನ್ನ ಕಡೆ ತಿರುಗಿದರು. ‘ಶರಣಪ್ಪಾ, ನೀ ಹೇಳು. ಆ ಬಾರಿಗಿ ನೀ ಎಂದರ ಕಾಲಿಟ್ಟೀಯೇನು?’

ನಮ್ಮ ಮೇಳದಲ್ಲಿ ಮಾತಿಗೆ ಅನುಮಾನ ಬಂದರೆ ಏಕತಾರಿಯ ತಂತಿ ಮುಟ್ಟಿ ಹೇಳಬೇಕು. ನಾನಾಗಿಯೇ ಎದ್ದು ಹೋಗಿ ತಂತಿ ಮುಟ್ಟಿದೆ. ‘ಇಲ್ರಿ’ ಎಂದೆ. ತಂತಿ ಮುಟ್ಟಿ ಸುಳ್ಳು ಹೇಳಿದವನ ಕೈಗೆ ಮುಂದೆ ತಾಳ ಕೂಡುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಅದು ನಿಜವಲ್ಲ. ನನಗೆ ಕೂಡಿತು. ಹದಿನೈದು ವರ್ಷ ಕೂಡುತ್ತಲೇ ಇದೆ.

ನಿಮ್ಮಪ್ಪ ಇನ್ನು ಮೇಳದಲ್ಲಿ ಕೂಡುವ ಹಾಗಿಲ್ಲ ಎಂದಾಯಿತು. ಇಬ್ಬರೂ ಕೂಡಿ ಮನೆಗೆ ನಡೆದೆವು. ಬೇವಿನ ಗಿಡದ ಹತ್ತಿರ ಅವನು ನಿಂತ. ನಾನು ಕಾಲಿಗೆ ಬೀಳಬೇಕಾಗಿತ್ತು. ಅವನೇ ನನ್ನ ಹೆಗಲ ಮೇಲೆ ಕೈ ಇಟ್ಟ.

‘ಇಬ್ಬರೂ ಹೊರಗ ಬೀಳೋದು ಬ್ಯಾಡ ಅಣ್ಣಾ. ಅವ್ವನ ಹೊತ್ತಿಗಿ ಒಬ್ಬರರ ಒಳಗ ಇರಬೇಕಲ್ಲ. ನೀ ಮೇಳ ಕರಕೊಂಡು ಬಾ, ಸಾಕು.’

ಅವನು ಹೊರಗೆ ಉಳಿದದ್ದು ಇದಕ್ಕೆ, ಸುವರ್ಣಾ. ಆಯಿಗೆ ಭಜನೆ ತಪ್ಪಬಾರದು ಎಂದು. ನನ್ನನ್ನು ಒಳಗೆ ಬಿಟ್ಟದ್ದು ಆ ಒಂದು ದಿನಕ್ಕಾಗಿ.

ಮರುದಿನದಿಂದಲೇ ನಾನು ಬಾರಿಗೆ ಹೋಗುವುದು ಬಿಟ್ಟೆ. ನನ್ನ ಸ್ವಂತ ತಬಲಾ ಮೀನುತೊಟ್ಟಿಯ ಹಿಂದೆಯೇ ಉಳಿಯಿತು. ತರಲು ಹೋದರೆ ಯಾರಾದರೂ ಕಂಡಾರು ಎಂದು ಬಿಟ್ಟೆ. ಥರ್ಮಾಸು ಮಾತ್ರ ನನ್ನ ಮನೆಯಲ್ಲಿತ್ತು. ಭೀಮವ್ವ ಕೇಳಿದಾಗ ಒಡೆಯಿತು ಎಂದೆ. ಅವಳ ಪಡಸಾಲೆಗೆ ಹೋಗಿ ಅದನ್ನು ಕೈಗೆ ಕೊಡುವ ಮುಖ ನನಗಿರಲಿಲ್ಲ.

ವರ್ಷ ತುಂಬುವುದರೊಳಗೆ ಆಯಿ ಹೋದಳು. ಹೇಳಿದ ಹಾಗೆ ಫ್ಯಾಕ್ಟರಿಯ ಸೂಟಿಯ ದಿನವೇ, ಬೆಳಿಗ್ಗೆ. ಆಗ ಗುರುಪಾದಪ್ಪ ತಾತ ಹಾಸಿಗೆ ಹಿಡಿದಿದ್ದರು. ಮೇಳದ ಕೋಣೆಯ ಬೀಗದ ಕೈ ನನ್ನ ಬಳಿ ಬಂದಿತ್ತು. ಅಪ್ಪಣೆ ಕೇಳಲು ಹೋದೆ. ಅವರು ಮಂಚದ ಮೇಲಿಂದಲೇ ಹೇಳಿದರು:

‘ಮೇಳ ಒಯ್ಯಿ. ಭೀಮವ್ವ ದೊಡ್ಡಾಕಿ. ಆದ್ರ ಮೊದಲ ಹುಡುಗರನ್ನ ಇಲ್ಲಿ ಕರಿ. ತಂತಿ ಮುಟ್ಟಿ ಆಡಿದ ಮಾತು ಅವರ ಮುಂದ ಹಿಂದಕ ತಗೋ. ಆಮ್ಯಾಲೆ ಹೋಗು.’

‘ಯಾವ ಮಾತ್ರಿ ತಾತಾ?’ ಎಂದೆ ನಾನು. ಆಗಲೂ!

‘ನಿನ್ನ ಎಡಗೈ ನಾ ಕಲಿಸಿದ್ದಪಾ. ಆ ಫೋನಿನ್ಯಾಗ ನಾ ಕೇಳಿದ್ದು ನನ್ನ ಕೈ.’

ಆರೇಳು ಜನ. ಎರಡು ಮಾತು. ಆಮೇಲೆ ಬೀಗ ತೆಗೆದು, ತಬಲಾ ತಗೊಂಡು, ಬೇವಿನ ಗಿಡ ದಾಟಿದರೆ ಭೀಮವ್ವ. ‘ಕರಕೊಂಡು ಬರ್ತೀನ್ರಿ’ ಎಂದು ಹೊರಗೆ ಬಂದೆ. ಮೇಳದವರು ಮಠದ ಮುಂದೆ ನಿಂತಿದ್ದರು. ಅವರನ್ನು ನೋಡಿದೆ. ‘ಬಂದೆ, ತಡೀರಿ’ ಎಂದು ಹೇಳಿ ಸ್ಟೇಷನ್ನಿನ ಕಡೆ ನಡೆದೆ. ವಾಡಿಯ ಕಡೆಗೆ ಹೋಗುವ ಪ್ಯಾಸೆಂಜರ್ ನಿಂತಿತ್ತು. ಹತ್ತಿದೆ. ಬೀಗದ ಕೈ ಜೇಬಿನಲ್ಲಿಯೇ ಇತ್ತು.

ಚಿತ್ತಾಪುರ ದಾಟಿದ್ದು ನೆನಪಿಲ್ಲ. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಒಂದು ಕಲ್ಲು ಬೆಂಚಿನ ಮೇಲೆ ಸಂಜೆಯವರೆಗೆ ಕುಳಿತಿದ್ದೆ. ಗಾಡಿಗಳು ಬಂದವು, ಹೋದವು. ನಾನು ಎಲ್ಲಿಗೂ ಹೋಗುವವನಾಗಿರಲಿಲ್ಲ. ಪಕ್ಕದಲ್ಲಿ ಕುಳಿತ ಹೆಣ್ಣುಮಗಳು ‘ಯಾವ ಗಾಡಿಗ್ರಿ ಯಪ್ಪಾ?’ ಎಂದು ಕೇಳಿದಳು. ಎದ್ದು ನೀರಿನ ನಲ್ಲಿಯ ಕಡೆ ಹೋದೆ.

ಅತ್ತ ನಿಮ್ಮ ಮನೆಯಲ್ಲಿ ನಡೆದದ್ದು ನೀನು ಕಣ್ಣಾರೆ ಕಂಡದ್ದು. ನಾನು ಕೇಳಿ ತಿಳಿದದ್ದು. ಮೇಳ ಬರಲಿಲ್ಲ. ಸುದ್ದಿ ಕೇಳಿ ಸೇಡಂನಿಂದ ಬಂದವರು ಬಾರಿನವರು — ಕೀಬೋರ್ಡಿನವನು, ಆ ಗೊಣಗುವ ವೇಟರು, ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದ ನಾಲ್ಕಾರು ಕಾಲೇಜು ಹುಡುಗರು. ತೊಟ್ಟಿಯ ಹಿಂದಿನಿಂದ ನನ್ನ ತಬಲಾ ತಂದಿದ್ದರು; ಅದು ನನ್ನದೆಂದು ನಿನಗೆ ಯಾರೂ ಹೇಳಲಿಲ್ಲ. ನಿಮ್ಮಪ್ಪ ಅದನ್ನು ಗೋಡೆಗೆ ಒರಗಿಸಿ ಕೂಡಿಸಿದ ಆಯಿಯ ಎದುರಿಗೆ ಇಟ್ಟ. ಯಾರಾದರೂ ಬಾರಿಸಲಿ ಎಂದರೆ ಕೈ ಅಡ್ಡ ಹಿಡಿದನಂತೆ. ‘ಅಣ್ಣ ಬರ್ತಾನ. ಅವ್ವಗ ಮಾತು ಕೊಟ್ಟಾನ.’ ಬರೀ ಗಂಟಲಿನಿಂದ ಒಬ್ಬನೇ ಹಾಡಿದ. ಮಧ್ಯಾಹ್ನವಾಯಿತು. ಹೊತ್ತು ಇಳಿಯಿತು. ಹೊರುವವರು ಅವಸರ ಮಾಡಿದರು. ಇನ್ನೊಂದು ಹಾಡು, ಇನ್ನೊಂದು ಹಾಡು ಎಂದು ಹೆಣ ಹಿಡಿದು ಕುಳಿತ. ಸೂರ್ಯ ಹೊಳೆಯಾಚೆ ಇಳಿದ ಮೇಲೆ ಎತ್ತಿದರು.

ನೀನು ಸಿಟ್ಟಿನಿಂದ ಕೂಗಿದೆಯಂತೆ — ‘ಬಾರಿನೋರು ನಮ್ಮ ಆಯಿ ಮುಂದ ಯಾಕ ಬಂದಾರ? ಇವರಿಂದ ಮೇಳ ಬರಲಿಲ್ಲ!’ ನಿಮ್ಮಪ್ಪ ತಲೆ ತಗ್ಗಿಸಿದನಂತೆ. ವಾಡಿಯಲ್ಲಿ ನಮ್ಮ ನೆಂಟರಿಗೆ ಜೀವಕ್ಕೆ ಬಂದಿದೆ, ಅದಕ್ಕೇ ದೊಡ್ಡಪ್ಪ ಹೋದ ಎಂದು ನಿನಗೆ ಹೇಳಿದವನೂ ಅವನೇ. ವಾಡಿಯಲ್ಲಿ ನಮಗೆ ನೆಂಟರು ಯಾರೂ ಇಲ್ಲ, ಸುವರ್ಣಾ.

ನಾನು ರಾತ್ರಿ ಮರಳುವಷ್ಟರಲ್ಲಿ ನಿಮ್ಮಪ್ಪ ತಬಲಾವನ್ನು ಆಯಿಯ ಕೌದಿಯಲ್ಲಿ ಸುತ್ತಿ ನನ್ನ ಬಾಗಿಲಿಗೆ ಇಟ್ಟು ಹೋಗಿದ್ದ. ಗುರುಪಾದಪ್ಪ ತಾತ ನನ್ನ ಗುಟ್ಟು ಯಾರಿಗೂ ಬಿಚ್ಚದೆ ಕಣ್ಣು ಮುಚ್ಚಿದರು. ಅವರ ಜಾಗಕ್ಕೆ ಮೇಳ ನನ್ನನ್ನು ಕೂಡಿಸಿತು.

ನಿನ್ನ ಮದುವೆಯ ಮುಂಚೆ ನೀನು ಅವನಿಗೆ ಆಡಿದ ಮಾತು ನಿನಗೆ ನೆನಪಿದೆ; ನೀನೇ ಬಂದು ನನಗೆ ಹೇಳಿದ್ದು. ‘ಕುಡದು ಹಾಡೋರು ನನ್ನ ಲಗ್ನದಾಗ ಹಾಡಬ್ಯಾಡ್ರಿ.’ ಆಗ ಅವನಿಗೆ ಗ್ಲಾಸಿನ ವಿಷಯ ಮೊದಲ ಸಲ ತಿಳಿಯಿತು. ಅಜವಾನದ ನೀರು ಎಂದ. ನೀನು ನಂಬಲಿಲ್ಲ. ಹೇಗೆ ನಂಬಬೇಕು? ‘ದೊಡ್ಡಪ್ಪನ ಹೇಳ್ಯಾರ’ ಎಂದೆ. ಅದರ ಮೇಲೆ ಅವನು ಒಂದು ಮಾತೂ ಆಡಲಿಲ್ಲ. ನನ್ನ ಹತ್ತಿರವೂ ಆಡಲಿಲ್ಲ. ಮದುವೆಯಲ್ಲಿ ನನಗೆ ಎಲೆ ಹಾಕಿ ‘ಇನ್ನೊಂದ ಹೋಳಗಿ ತಗೋ ಅಣ್ಣಾ’ ಎಂದ. ನಾನು ತಿಂದೆ.

ಬಾರು ಮುಚ್ಚಿತು. ನಿಮ್ಮಪ್ಪ ಶಹಾಬಾದ ಹತ್ತಿರ ಭಂಕೂರದಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸ ಹಿಡಿದ. ಆ ಧೂಳು ಮೊದಲು ಅವನ ಹಾಡು ತಿಂದಿತು, ಆಮೇಲೆ ಅವನನ್ನು. ಹೋಗುವ ಎರಡು ತಿಂಗಳ ಮುಂಚೆ ನೋಡಲು ಹೋಗಿದ್ದೆ. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ‘ಹಣಮಂತಾ, ನಾನು —’ ಎಂದೆ. ಕೈ ಎತ್ತಿ ತಡೆದ. ಗಂಟಲಿನಲ್ಲಿ ಗಾಳಿ ಮಾತ್ರ ಇತ್ತು. ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಯಿತು.

‘ಬಿಡಣ್ಣಾ, ಅವೆಲ್ಲ. ಒಂದ ಕೆಲಸ ಮಾಡು. ಆ ನೀರಿಂದು ಮಗಳಿಗಿ ಹೇಳು. ನಾ ಹೇಳಿದ್ರ ನಂಬಂಗಿಲ್ಲ. ನೀ ಹೇಳಿದ್ರ ನಂಬ್ತಾಳ.’

ಬೇರೇನೂ ಕೇಳಲಿಲ್ಲ. ಮೇಳವಲ್ಲ, ತಂತಿಯಲ್ಲ, ಆಯಿಯ ದಿನವಲ್ಲ. ಆಗಲಿ ಎಂದು ಅವನ ಕೈ ಹಿಡಿದೆ. ಅವನು ಇನ್ನೂ ಎರಡು ತಿಂಗಳು ಇದ್ದ. ಚಿಂಚೋಳಿಗೆ ಒಂದು ಫೋನು. ನೀನು ಬರುತ್ತಿದ್ದೆ, ನನಗೆ ಗೊತ್ತು. ಮೊದಲ ಬಸ್ಸಿಗೇ ಬರುತ್ತಿದ್ದೆ. ನಾನು ಮಾಡಲಿಲ್ಲ. ನಾಳೆ ಎಂದೆ, ಅಮಾವಾಸ್ಯೆ ಕಳೆಯಲಿ ಎಂದೆ —

ಅವನ ಹೆಣದ ಮುಂದೆ ಮೇಳ ಕೂಡಿಸಿ ನಾನೇ ತಬಲಾ ಬಾರಿಸಿದೆ. ಚೆನ್ನಾಗಿ ಬಾರಿಸಿದೆ, ಎಲ್ಲರೂ ಹಾಗೇ ಅಂದರು. ನೀನು ಅಳಲಿಲ್ಲ. ಕೊನೆಗೆ ಬಂದು ನನ್ನ ಕಾಲು ಮುಟ್ಟಿದೆ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಇಷ್ಟೇ. ಕ್ಷಮಿಸು ಎಂದು ಬರೆಯುವುದಿಲ್ಲ. ಕ್ಷಮಿಸಬೇಕಾದವನು ನಾನು ಕೇಳುವ ಮುಂಚೆಯೇ ಕ್ಷಮಿಸಿದ್ದ, ಅದನ್ನೇ ನಾನು ಇಷ್ಟು ವರ್ಷ ಉಂಡದ್ದು. ಸೋಮವಾರ ಈ ಕಾಗದದ ನಕಲು ಓದಿ, ಬೀಗದ ಕೈ ಏಕತಾರಿಯ ಮುಂದೆ ಇಟ್ಟು ಬರುತ್ತೇನೆ. ವರ್ಷದ ಕಾರ್ಯಕ್ಕೆ ಮೇಳ ಬರುತ್ತದೆ. ಅವನು ಹಾಡಿದ ಪದಗಳನ್ನೇ ಹಾಡಿರೆಂದು ಹುಡುಗರನ್ನು ಕೇಳಿಕೊಳ್ಳುತ್ತೇನೆ. ನಾನು ಬರುವುದು ಬಿಡುವುದು ನಿನ್ನ ಮಾತು. ಕರೆದರೂ ತಬಲಾ ಮುಟ್ಟುವುದಿಲ್ಲ. ಅವನು ಇಟ್ಟ ಹಾಗೆ ಅದು ಸುಮ್ಮನೆ ಎದುರಿಗೆ ಇರಲಿ.

ಚಿಂಚೋಳಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಈ ಕಾಗದದ ಜೊತೆ ಆ ಹಸಿರು ಥರ್ಮಾಸನ್ನೂ ಕಳಿಸಿದ್ದೇನೆ. ನಾನು ಹೇಳಿದರೆ ನಂಬುತ್ತೀ ಎಂದು ನಿಮ್ಮಪ್ಪ ಅಂದಿದ್ದ. ಇಷ್ಟು ಓದಿದ ಮೇಲೆ ನನ್ನ ಮಾತನ್ನು ನೀನು ಯಾಕೆ ನಂಬಬೇಕು? ನಂಬಬೇಡ. ಅದನ್ನು ನಾನು ತೊಳೆದಿಲ್ಲ. ಬೂಚು ತೆಗೆದು ಮೂಸಿ ನೋಡವ್ವ. ನಿನ್ನೆ ನಾನು ನೋಡಿದಾಗ ವಾಸನೆ ಇನ್ನೂ ಇತ್ತು, ಬಹಳ ಸಣ್ಣಗೆ. ನೀನು ತೆಗೆಯುವ ಹೊತ್ತಿಗೆ ಅದು ಹೋಗಿದ್ದರೆ, ಆ ತಪ್ಪೂ ನನ್ನದೇ. ತಡ ಮಾಡಿದವನು ನಾನು.